ದುರ್ಗಿಗುಡಿಯ ಮುದ್ರಣದ ಅಂಗಡಿ: ಹ್ಯಾಂಬರ್ಗ್ ಫಲಕಗಳ ಕೆಲಸ ಹೇಗಾಯಿತು

ಭದ್ರಾವತಿಯ ನಮ್ಮ ಪ್ರೌಢಶಾಲೆಯಲ್ಲಿ ಆಗಸ್ಟ್ ಮೊದಲ ವಾರ ಏರ್ಪಡಿಸಿದ್ದ ಪ್ರದರ್ಶನಕ್ಕೆ, ಶಿವಮೊಗ್ಗದ ದುರ್ಗಿಗುಡಿಯ ಸಣ್ಣ ಮುದ್ರಣದ ಅಂಗಡಿಯೊಂದರಲ್ಲಿ ಹನ್ನೆರಡು ಫಲಕಗಳನ್ನು ಮಾಡಿಸಿದೆವು. 1943ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಮೇಲೆ ಬ್ರಿಟನ್ ಮತ್ತು ಅಮೆರಿಕದ ವಿಮಾನಗಳು ನಡೆಸಿದ ದಾಳಿಗಳಲ್ಲಿ ಸತ್ತ ನಾಗರಿಕರೇ ಅವುಗಳ ವಿಷಯ. ಮದುವೆಯ ಬ್ಯಾನರು, ಹುಟ್ಟುಹಬ್ಬದ ಫ್ಲೆಕ್ಸುಗಳನ್ನೇ ಹೆಚ್ಚಾಗಿ ಮಾಡುವ ಅಂಗಡಿಗೆ ಇಂಥ ಕೆಲಸ ಒಪ್ಪಿಸಬಹುದೇ ಎಂದು ಸಹೋದ್ಯೋಗಿಗಳು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಒಪ್ಪಿಸಬಹುದು, ಆದರೆ ಪ್ರೂಫನ್ನು ಅಕ್ಷರ ಬಿಡದೆ ನೋಡಬೇಕು.

ನುಡಿ ತಂತ್ರಾಂಶದಲ್ಲಿ ಬೆರಳಚ್ಚಾಗಿದ್ದ ಬರಹವನ್ನು ಯೂನಿಕೋಡಿಗೆ ತರುವಾಗ ಒತ್ತಕ್ಷರಗಳು ಒಡೆದಿದ್ದವು, ಅದು ಎಲ್ಲ ಕಡೆ ಆಗುವಂಥದ್ದೇ. ನನ್ನನ್ನು ಗಾಬರಿಗೊಳಿಸಿದ್ದು ಮೂರನೆಯ ಫಲಕ. ಸತ್ತವರ ಸಂಖ್ಯೆಯನ್ನು 34,000ದಿಂದ 40,000 ಎಂದು ಕೊಟ್ಟಿದ್ದೆ. ಮೊದಲ ಅಂಕಿ 3,400 ಎಂದು ಬಂದಿತ್ತು. ಒಂದು ಸೊನ್ನೆ ಬಿದ್ದುಹೋದರೆ ಮೂವತ್ತು ಸಾವಿರದ ಆರುನೂರು ಜನ ಗೋಡೆಯ ಮೇಲಿಂದ ಕಾಣೆಯಾಗುತ್ತಾರೆ ಎಂದಾಗ ಅಂಗಡಿಯವರು ವಾದಿಸಲಿಲ್ಲ, ಹನ್ನೆರಡೂ ಫಲಕಗಳ ಅಂಕಿಗಳನ್ನು ನನ್ನೊಂದಿಗೆ ಕುಳಿತು ಗಟ್ಟಿಯಾಗಿ ಓದಿಸಿ ಸರಿಪಡಿಸಿದರು.

ಆಗಲೇ ಕಂಪ್ಯೂಟರ್ ಮುಂದಿದ್ದ ಹುಡುಗ, "ಮೇಡಂ, ಇವರೆಲ್ಲ ಫ್ಯಾಕ್ಟರಿಯಲ್ಲಿ ಕೆಲಸ ಮಾಡ್ತಿದ್ದವರಾ?" ಎಂದು ಕೇಳಿದ. ಇಡೀ ಪ್ರದರ್ಶನ ಇದ್ದದ್ದು ಆ ಪ್ರಶ್ನೆಗಾಗಿಯೇ. ಜಲಾಂತರ್ಗಾಮಿಗಳನ್ನು ಕಟ್ಟುತ್ತಿದ್ದ ದೊಡ್ಡ ಹಡಗುಕಟ್ಟೆ ಎಲ್ಬೆ ನದಿಯ ದಕ್ಷಿಣಕ್ಕಿತ್ತು. ಜುಲೈ 27ರ ರಾತ್ರಿ ಸುಟ್ಟುಹೋದ ಹ್ಯಾಮರ್‌ಬ್ರೂಕ್ ನದಿಯ ಉತ್ತರಕ್ಕಿದ್ದ, ಕಾರ್ಮಿಕ ಕುಟುಂಬಗಳು ಒತ್ತೊತ್ತಾಗಿ ಬದುಕಿದ್ದ ಬಡಾವಣೆ. ಅದು ಗುರಿ ತಪ್ಪಿ ಆದದ್ದೆಂದು ಹೇಳುವಂತಿಲ್ಲ, ಏಕೆಂದರೆ ಶತ್ರುದೇಶದ ನಾಗರಿಕರ, ಅದರಲ್ಲೂ ಕೈಗಾರಿಕಾ ಕಾರ್ಮಿಕರ ಸ್ಥೈರ್ಯವನ್ನು ಮುರಿಯುವುದೇ ಮುಖ್ಯ ಗುರಿಯಾಗಬೇಕೆಂದು ಬ್ರಿಟಿಷ್ ವಾಯುಪಡೆಗೆ 1942ರ ಫೆಬ್ರುವರಿ 14ರಂದೇ ನಿರ್ದೇಶನ ಹೋಗಿತ್ತು. ಬಚ್ಚಲೊಲೆ ಚೆನ್ನಾಗಿ ಹತ್ತಿಕೊಂಡಾಗ ಬಾಯಿಯಿಂದ ಗಾಳಿಯನ್ನು ಎಳೆದುಕೊಳ್ಳುವಂತೆ, ಸಾವಿರಾರು ಮನೆಗಳ ಬೆಂಕಿ ಒಂದಾಗಿ ಸುತ್ತಲಿನ ಗಾಳಿಯನ್ನು ಬಿರುಗಾಳಿಯ ವೇಗದಲ್ಲಿ ಒಳಗೆಳೆದುಕೊಂಡಿತು. ನೆಲಮಾಳಿಗೆಗಳಲ್ಲಿ ಅಡಗಿದ್ದ ಹೆಂಗಸರು, ಮಕ್ಕಳು, ಮುದುಕರಲ್ಲಿ ಬಹಳ ಮಂದಿ ಜ್ವಾಲೆ ಮುಟ್ಟುವ ಮೊದಲೇ ಕಾರ್ಬನ್ ಮೊನಾಕ್ಸೈಡ್‌ನಿಂದ ಸತ್ತರು. ಇದನ್ನು ಕೇಳಿದ ಮೇಲೆ ಆ ಹುಡುಗ, ನೆಲಮಾಳಿಗೆಯ ಫಲಕಕ್ಕೆ ತಾನೇ ಹಾಕಿದ್ದ ಕೆಂಪು ಜ್ವಾಲೆಯ ಅಂಚನ್ನು ನಾನು ಹೇಳದೆಯೇ ತೆಗೆದುಹಾಕಿದ.

ಹೊಳೆಯುವ ಫ್ಲೆಕ್ಸ್ ಈ ಕೆಲಸಕ್ಕೆ ಸಲ್ಲದು. ಹ್ಯಾಂಬರ್ಗಿನ ಓಲ್ಸ್‌ಡಾರ್ಫ್ ಸ್ಮಶಾನದಲ್ಲಿ ಶಿಲುಬೆಯಾಕಾರದಲ್ಲಿ ತೋಡಿದ ಸಾಮೂಹಿಕ ಸಮಾಧಿಗಳ ಚಿತ್ರವನ್ನು ಮೊದಲು ಅದರಲ್ಲೇ ತೆಗೆಸಿ ನೋಡಿದೆವು. ಟ್ಯೂಬ್‌ಲೈಟಿನ ಬೆಳಕಲ್ಲದೆ ಬೇರೇನೂ ಕಾಣಲಿಲ್ಲ. ಮ್ಯಾಟ್ ಲ್ಯಾಮಿನೇಷನ್ ಮಾಡಿ ಸನ್‌ಬೋರ್ಡ್ ಎಂಬ ಹಗುರ ಫೋಮ್ ಹಲಗೆಗೆ ಅಂಟಿಸಿದ ಮೇಲೆ ಕಪ್ಪುಬಿಳುಪಿನ ನಡುವಿನ ಬೂದುಬಣ್ಣ ನಿಂತಿತು. ಖರ್ಚು ಹೆಚ್ಚು, ಆದರೂ ಅದನ್ನೇ ಕೇಳಿ. ಒಂದು ಕೊರತೆಯೆಂದರೆ ಅಂಟು: ನಮ್ಮ ಮಳೆಗಾಲದ ತೇವಕ್ಕೆ ಎರಡು ಫಲಕಗಳ ಅಂಚು ನಾಲ್ಕನೆಯ ದಿನಕ್ಕೇ ಎದ್ದಿತು, ಅಂಗಡಿಯವರು ಬದಲಿಸಿಕೊಟ್ಟರು.

ಕೊನೆಯ ಫಲಕವನ್ನು ಇಂಗ್ಲೆಂಡಿನ ಕಾವೆಂಟ್ರಿ ನಗರಕ್ಕೆ ಮೀಸಲಿಟ್ಟಿದ್ದೆ. 1940ರ ನವೆಂಬರ್ 14ರ ರಾತ್ರಿ ಜರ್ಮನಿಯ ಬಾಂಬುಗಳಿಗೆ ಅಲ್ಲಿ 568 ಜನ ಬಲಿಯಾದರೆಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಎರಡು ಊರುಗಳ ಸತ್ತವರನ್ನು ಒಂದೇ ಅಳತೆಯ ಅಕ್ಷರಗಳಲ್ಲಿ ಮುದ್ರಿಸಬೇಕೆಂದು ಕೇಳಿದ್ದೆ, ಹಾಗೆಯೇ ಮಾಡಿಕೊಟ್ಟರು. 1923ರಿಂದ ಕಬ್ಬಿಣದ ಕಾರ್ಖಾನೆಯ ಜೊತೆಜೊತೆಗೇ ಬೆಳೆದ ನಮ್ಮ ಊರಿನಲ್ಲಿ ಕ್ವಾರ್ಟರ್ಸಿನ ಮಕ್ಕಳು ಬಹಳ ಹೊತ್ತು ನಿಂತು ನೋಡಿದ್ದು ಹ್ಯಾಮರ್‌ಬ್ರೂಕಿನ ನಕ್ಷೆಯನ್ನು. ಕಾರ್ಖಾನೆ ಎಲ್ಲಿ, ಮನೆಗಳೆಲ್ಲಿ ಎಂದು ಬೆರಳಿಟ್ಟು ಅಳೆಯುತ್ತಿದ್ದರು. ನಕ್ಷೆಯ ಸಣ್ಣ ಅಕ್ಷರಗಳೂ ಓದಲು ಬರುವಷ್ಟು ಸ್ಪಷ್ಟವಾಗಿದ್ದವು.

ಹೇಳಿದ ದಿನಕ್ಕಿಂತ ಒಂದು ದಿನ ತಡವಾಯಿತು. ಮುಂದಿನ ವರ್ಷದ ಪ್ರದರ್ಶನಕ್ಕೆ, 1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ವಿಶಾಖಪಟ್ಟಣದ ಮೇಲೆ ಹಾಕಿದ ಬಾಂಬುಗಳ ಬಗ್ಗೆ ಎರಡು ಫಲಕಗಳನ್ನು ಸೇರಿಸಬೇಕಿದೆ. ಅವನ್ನೂ ಈ ಅಂಗಡಿಗೇ ಕೊಡುತ್ತೇನೆ.