ಕ್ಯಾಮೆರಾದ ಮುಂದೆ ಮೈಯ ಹೊಳಪು: ಎಣ್ಣೆ, ಗ್ಲಿಸರಿನ್, ಲೋಶನ್‌ಗಳ ದೀರ್ಘ ಬಳಕೆಯ ವಿಮರ್ಶೆ

ಬೆಳಗಾವಿಯ ನಮ್ಮ ಸ್ಟುಡಿಯೋದಲ್ಲಿ ರೂಪದರ್ಶಿಗಳ ಮೈಗೆ ಹೊಳಪು ಬೇಕಾಗುವ ಕೆಲಸಗಳು ಮುಖ್ಯವಾಗಿ ಮೂರು ಬಗೆಯವು: ದೇಹದಾರ್ಢ್ಯ ಸ್ಪರ್ಧಿಗಳ ಮತ್ತು ಗರಡಿ ಮನೆಯ ಪೈಲ್ವಾನರ ಚಿತ್ರಗಳು, ಆಭರಣದ ಅಂಗಡಿಗಳ ಜಾಹೀರಾತುಗಳು, ಇಳಕಲ್ ಸೀರೆಯ ವ್ಯಾಪಾರಿಗಳಿಗಾಗಿ ತೆಗೆಯುವ ಚಿತ್ರಗಳು. ಈ ಕೆಲಸಗಳಿಗಾಗಿ ಕಿರಾಣಿ ಅಂಗಡಿಯ ಎಣ್ಣೆಯಿಂದ ಹಿಡಿದು ಮೇಕಪ್ ಅಂಗಡಿಯ ದುಬಾರಿ ಹೈಲೈಟರ್‌ವರೆಗೆ ಹಲವು ಸಾಮಗ್ರಿಗಳನ್ನು ವರ್ಷಗಳ ಕಾಲ, ಬೇರೆ ಬೇರೆ ಋತುಗಳಲ್ಲಿ, ಬೇರೆ ಬೇರೆ ಮೈಬಣ್ಣದವರ ಮೇಲೆ ಬಳಸಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಮೈಗೆ ಸಾಮಾನ್ಯ ಲೋಶನ್ ಹಚ್ಚಿ ಅದರ ಮೇಲೆ ತೀರ ತೆಳ್ಳಗೆ ಬೇಬಿ ಆಯಿಲ್, ಬೆವರಿನ ಹನಿ ಕಾಣಬೇಕಾದರೆ ಗ್ಲಿಸರಿನ್ ಬೆರೆಸಿದ ನೀರು, ಕೆನ್ನೆಯ ಮೂಳೆ ಮತ್ತು ತುಟಿಗೆ ಮಾತ್ರ ಚೂರು ಪೆಟ್ರೋಲಿಯಂ ಜೆಲ್ಲಿ: ಇಷ್ಟಿದ್ದರೆ ನಮ್ಮ ಬಹುಪಾಲು ಕೆಲಸ ನಡೆಯುತ್ತದೆ. ಇವೆಲ್ಲ ಔಷಧದ ಅಂಗಡಿಯಲ್ಲಿ ಸಿಗುವ, ಕೈಗೆಟುಕುವ ಬೆಲೆಯ ವಸ್ತುಗಳು.

ಸಾಮಗ್ರಿಯನ್ನು ಆರಿಸುವ ಮುನ್ನ ಹೊಳಪು ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿದುಕೊಂಡರೆ ಹಣವೂ ಸಮಯವೂ ಉಳಿಯುತ್ತವೆ. ಒಣ ಚರ್ಮದ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳೂ ಸಿಪ್ಪೆಗಳೂ ಇರುವುದರಿಂದ ಅದರ ಮೇಲೆ ಬಿದ್ದ ಬೆಳಕು ದಿಕ್ಕಾಪಾಲಾಗಿ ಚದುರಿ, ಮೈ ಬೂದಿ ಬಳಿದಂತೆ ಕಾಣುತ್ತದೆ. ಎಣ್ಣೆಯ ತೆಳುಪದರ ಆ ಗೀರುಗಳನ್ನು ತುಂಬಿ ಮೇಲ್ಮೈಯನ್ನು ನಯಗೊಳಿಸಿದಾಗ, ಒಣಗಿದ ಶಹಾಬಾದ್ ಫರಸಿಗೆ ನೀರು ಹೊಡೆದಂತೆ, ಬಣ್ಣ ಗಾಢವಾಗುತ್ತದೆ ಮತ್ತು ಬೆಳಕು ಒಂದೇ ದಿಕ್ಕಿಗೆ ಮರಳುತ್ತದೆ. ಹಾಗಾದರೆ ನೀರೇ ಸಾಲದೆ ಎಂದು ಹೊಸಬರು ಕೇಳುವುದುಂಟು. ನೀರಿನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ, 1.33 ಮಾತ್ರ, ಬೇಬಿ ಆಯಿಲ್ ಮತ್ತು ಗ್ಲಿಸರಿನ್‌ಗಳದ್ದು ಸುಮಾರು 1.47 ಇದ್ದು ಚರ್ಮದ ಹೊರಪದರಕ್ಕೆ ಹತ್ತಿರವಾಗಿದೆ. ಅದಲ್ಲದೆ ನೀರು ಚರ್ಮದ ಮೇಲೆ ಸಮನಾಗಿ ಹರಡುವುದಿಲ್ಲ, ದೀಪಗಳ ಶಾಖಕ್ಕೆ ನಿಮಿಷಗಳಲ್ಲಿ ಆರಿಹೋಗುತ್ತದೆ.

ನಮ್ಮಲ್ಲಿ ಎಲ್ಲರೂ ಮೊದಲು ಕೈಹಾಕುವುದು ಕೊಬ್ಬರಿ ಎಣ್ಣೆಗೆ. ಬೇಸಿಗೆಯಲ್ಲಿ ಅದು ಒಳ್ಳೆಯ ಹೊಳಪನ್ನೇ ಕೊಡುತ್ತದೆ. ಆದರೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಬೆಳಗಾವಿಯ ಡಿಸೆಂಬರ್ ಮುಂಜಾವಿನಲ್ಲಿ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿದರೂ, ತಣ್ಣಗಿನ ತೋಳಿನ ಮೇಲೆ ಹಚ್ಚಿದ ಮೇಲೆ ಅಲ್ಲಲ್ಲಿ ಮಂಕಾದ ಬಿಳಿ ಪೊರೆ ಮೂಡುತ್ತದೆ, ಅದು ಹತ್ತಿರದ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮೊಡವೆಯ ಪ್ರವೃತ್ತಿ ಇರುವವರ ಮುಖಕ್ಕೂ ಬೆನ್ನಿಗೂ ಅದನ್ನು ನಾನು ಹಚ್ಚುವುದಿಲ್ಲ, ಏಕೆಂದರೆ ಚರ್ಮದ ರಂಧ್ರಗಳನ್ನು ಮುಚ್ಚುವ ಗುಣ ಅದಕ್ಕೆ ಹೆಚ್ಚು. ವಿಜಯಪುರ, ಬಾಗಲಕೋಟೆಯ ಕಡೆಯವರ ಮನೆಯಲ್ಲಿ ಸುಲಭವಾಗಿ ಸಿಗುವ ಕುಸುಬಿ ಎಣ್ಣೆಯನ್ನೂ ಬಹಳ ಕಾಲ ಬಳಸಿದೆ. ಅದು ತೆಳು, ಚಳಿಗೆ ಗಟ್ಟಿಯಾಗುವುದಿಲ್ಲ, ಸಮನಾಗಿ ಹರಡುತ್ತದೆ. ಎಣ್ಣೆಗಳ ಪೈಕಿ ನನಗೆ ಮೆಚ್ಚುಗೆಯಾದದ್ದು ಅದೇ. ಅದರ ದೋಷವೆಂದರೆ ಗಾಳಿಗೆ ಬೇಗ ಕಮಟುವುದು ಮತ್ತು ಒರೆಸಿದ ಅರಿವೆ ಒಣಗಿದ ಮೇಲೆ ಅಂಟಂಟಾಗುವುದು. ಶೇಂಗಾ ಎಣ್ಣೆಯ ವಾಸನೆ ಇಡೀ ದಿನ ಸ್ಟುಡಿಯೋದಲ್ಲಿ ಉಳಿಯುತ್ತದೆ; ಶೇಂಗಾದ ಅಲರ್ಜಿ ಇರುವವರೂ ಇದ್ದಾರೆ. ಸಾಸಿವೆ ಎಣ್ಣೆ ಚರ್ಮವನ್ನು ಉರಿಸುತ್ತದೆ. ಈ ಎರಡನ್ನೂ ಬಿಟ್ಟುಬಿಡಬೇಕು.

ಬೇಬಿ ಆಯಿಲ್ ಎಂದು ಮಾರುವ ಹೆಚ್ಚಿನ ಬಾಟಲಿಗಳಲ್ಲಿ ಇರುವುದು ಮುಖ್ಯವಾಗಿ ಮಿನರಲ್ ಆಯಿಲ್, ಅಂದರೆ ಲೈಟ್ ಲಿಕ್ವಿಡ್ ಪ್ಯಾರಫಿನ್, ಅದರ ಜೊತೆಗೆ ಒಂದಿಷ್ಟು ಸುಗಂಧ. ಅದು ಕಮಟುವುದಿಲ್ಲ, ಬಣ್ಣವಿಲ್ಲ, ಚರ್ಮದೊಳಗೆ ಹೆಚ್ಚು ಇಂಗದೆ ಮೇಲೆಯೇ ನಿಲ್ಲುತ್ತದೆ. ಛಾಯಾಚಿತ್ರಕ್ಕೆ ಬೇಕಾದದ್ದು ಈ ಕೊನೆಯ ಗುಣವೇ: ಒಮ್ಮೆ ಹಚ್ಚಿದರೆ ಇಡೀ ಚಿತ್ರೀಕರಣದ ಹೊತ್ತು ಹೊಳಪು ಒಂದೇ ಮಟ್ಟದಲ್ಲಿ ಇರುತ್ತದೆ. ಆದರೆ ನೇರವಾಗಿ ಒಣ ಮೈಮೇಲೆ ಸುರಿದುಕೊಂಡರೆ ಮೊಣಕೈ, ಮೊಣಕಾಲು, ಹಿಮ್ಮಡಿಯ ಒರಟು ಭಾಗಗಳು ಎಣ್ಣೆಯನ್ನು ಹೀರಿ ಮಂಕಾಗಿಯೇ ಉಳಿಯುತ್ತವೆ, ಎದೆ ಮತ್ತು ಭುಜ ಮಾತ್ರ ಮಿತಿಮೀರಿ ಮಿನುಗುತ್ತವೆ. ಆದ್ದರಿಂದ ನಮ್ಮಲ್ಲಿ ಮೊದಲು ವಾಸನೆಯಿಲ್ಲದ ಸಾದಾ ಲೋಶನ್ ಹಚ್ಚಿ, ಅದು ಇಂಗುವವರೆಗೆ ಸುಮಾರು ಹತ್ತು ನಿಮಿಷ ಬಿಡುತ್ತೇವೆ. ಅನಂತರ ಅಂಗೈಯಲ್ಲಿ ನಾಲ್ಕೈದು ಹನಿ ಎಣ್ಣೆ ತೆಗೆದುಕೊಂಡು, ಎರಡೂ ಕೈಗಳನ್ನು ಉಜ್ಜಿ, ಒಂದು ತೋಳಿಗೆ ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಸವರುತ್ತೇವೆ. ಕೊನೆಗೆ ಟಿಶ್ಯೂವನ್ನು ಉಜ್ಜದೆ ಮೆಲ್ಲಗೆ ಒತ್ತಿ ಹೆಚ್ಚಾದದ್ದನ್ನು ತೆಗೆಯುತ್ತೇವೆ. ಟಿಶ್ಯೂ ತೆಗೆದ ಮೇಲೆ ಮುಂದೋಳಿನ ರೋಮಗಳು ಚರ್ಮಕ್ಕೆ ಅಂಟದೆ ಎದ್ದು ನಿಂತರೆ ಪದರ ಸರಿಯಾಗಿದೆ ಎಂದು ಅರ್ಥ. ರೋಮಗಳು ಮಲಗಿ ಒಂದಕ್ಕೊಂದು ಕೂಡಿಕೊಂಡಿದ್ದರೆ ಎಣ್ಣೆ ಇನ್ನೂ ಹೆಚ್ಚಿದೆ. ರೋಮ ತೆಗೆಸದವರ ಮೈಗೆ ಎಣ್ಣೆ ಹಚ್ಚುವಾಗ ನನಗೆ ಇದಕ್ಕಿಂತ ನಂಬಿಗಸ್ತ ಗುರುತು ಸಿಕ್ಕಿಲ್ಲ.

ಪೈಲ್ವಾನರ ಚಿತ್ರಗಳಲ್ಲಿ ಲೆಕ್ಕ ಬೇರೆ. ಗರಡಿಯ ಕೆಂಪು ಮಣ್ಣಿನಲ್ಲಿ ಕೆಲಸ ಮಾಡುವಾಗ ಎಣ್ಣೆಯ ಮೈಗೆ ಮಣ್ಣು ಗಡ್ಡೆಗಡ್ಡೆಯಾಗಿ ಹತ್ತುತ್ತದೆ. ನಮ್ಮಲ್ಲಿಗೆ ಬರುವ ಹಿರಿಯ ಪೈಲ್ವಾನರೊಬ್ಬರು, “ಸರ, ಎಣ್ಣಿ ಹಚ್ಚಬ್ಯಾಡ್ರಿ, ಮಣ್ಣ ಹತ್ತಿದ್ರ ಮೈ ಚಿತ್ರದಾಗ ಹೊಲಸ ಕಾಣ್ತೈತ್ರಿ, ಬೆವರಿದಂಗ ಕಂಡ್ರ ಸಾಕು” ಎಂದದ್ದು ಸಂಪೂರ್ಣ ಸರಿಯಾದ ಮಾತು. ಇಂಥ ಕಡೆ ಗ್ಲಿಸರಿನ್ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ ಸಣ್ಣ ಸ್ಪ್ರೇ ಬಾಟಲಿಯಲ್ಲಿ ತುಂಬಿಕೊಂಡು, ಎರಡು ಅಡಿ ದೂರದಿಂದ ಭುಜ, ಎದೆ, ಹಣೆಗೆ ಹೊಡೆಯುತ್ತೇವೆ. ಗ್ಲಿಸರಿನ್ ಗಾಳಿಯ ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ ಹನಿಗಳು ಆರದೆ, ಜಾರದೆ, ನಿಂತಲ್ಲೇ ನಿಲ್ಲುತ್ತವೆ. ಸ್ಟುಡಿಯೋದೊಳಗೆ ಮಣ್ಣಿಲ್ಲದಾಗ ಕೆಳಗೆ ಎಣ್ಣೆಯ ತೀರ ತೆಳ್ಳಗಿನ ಪದರವಿದ್ದರೆ ಹನಿಗಳು ಹರಡದೆ ದುಂಡಗೆ ಉಳಿಯುತ್ತವೆ ಎಂಬುದನ್ನೂ ಗಮನಿಸಬೇಕು. ಮಳೆಗಾಲದ ಬೆಳಗಾವಿಯಲ್ಲಿ ಈ ಮಿಶ್ರಣ ಅಂಟಂಟಾಗಿ ರೂಪದರ್ಶಿಗೆ ಕಿರಿಕಿರಿಯಾಗುತ್ತದೆ. ಆಗ ಒಂದು ಪಾಲು ಗ್ಲಿಸರಿನ್‌ಗೆ ಎರಡು ಪಾಲು ನೀರು ಹಾಕುವುದು ಲೇಸು. ನೀರು ಬೆರೆಸದ ಗ್ಲಿಸರಿನ್ ಚರ್ಮದ ತೇವವನ್ನೇ ಎಳೆದುಕೊಳ್ಳಬಹುದಾದ್ದರಿಂದ ಅದನ್ನು ಹಾಗೆಯೇ ಹಚ್ಚಬಾರದು.

ಪೆಟ್ರೋಲಿಯಂ ಜೆಲ್ಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆರಳ ತುದಿಯಷ್ಟು, ಕೆನ್ನೆಯ ಮೂಳೆ, ಕೊರಳೆಲುಬು, ತುಟಿಗೆ ಸಾಕು. ಇಡೀ ಮೈಗೆ ಹಚ್ಚಿದರೆ ಬೆರಳಿನ ಗೆರೆಗಳು ಉಳಿಯುತ್ತವೆ.

ಮಿನುಗುವ ಹೈಲೈಟರ್ ಮತ್ತು ಶಿಮರ್ ಲೋಶನ್‌ಗಳ ಬಗ್ಗೆ ನನಗೆ ಸ್ಪಷ್ಟವಾದ ಅಸಮಾಧಾನವಿದೆ. ಅವುಗಳ ಹೊಳಪು ಬರುವುದು ಟೈಟಾನಿಯಂ ಡೈಆಕ್ಸೈಡ್ ಲೇಪಿತ ಅಭ್ರಕದ ಕಣಗಳಿಂದ. ಮೊಬೈಲ್ ಕ್ಯಾಮೆರಾದಲ್ಲಿ, ಮದುವೆ ಮಂಟಪದ ದೀಪಗಳಲ್ಲಿ ಅದು ಚೆಂದ ಕಾಣುತ್ತದೆ. ಆದರೆ ಫ್ಲ್ಯಾಶ್ ಬಳಸಿ ಹೆಚ್ಚಿನ ರೆಸಲ್ಯೂಷನ್‌ನಲ್ಲಿ ಹತ್ತಿರದಿಂದ ತೆಗೆದ ಚಿತ್ರದಲ್ಲಿ ಪ್ರತಿಯೊಂದು ದಪ್ಪ ಕಣವೂ ಬಿಳಿ ಚುಕ್ಕೆಯಾಗಿ ಮೂಡುತ್ತದೆ, ಅವನ್ನು ಒಂದೊಂದಾಗಿ ಅಳಿಸುವ ಕೆಲಸ ಬೇಸರ ತರುವಂಥದ್ದು. ನಮ್ಮ ಭಾಗದ ಗೋಧಿ ಮತ್ತು ಕಪ್ಪು ಮೈಬಣ್ಣದವರ ಮೇಲೆ ಬೆಳ್ಳಿಯ ಛಾಯೆಯ ಹೈಲೈಟರ್ ಬಳಸಿದರೆ ಚರ್ಮ ಬೂದು ಬಣ್ಣಕ್ಕೆ ತಿರುಗುತ್ತದೆ. ಬಳಸಲೇಬೇಕಾದರೆ ಚಿನ್ನದ ಅಥವಾ ತಾಮ್ರದ ಛಾಯೆಯದನ್ನು, ನುಣುಪಾದ ಕಣಗಳದನ್ನು ಆರಿಸಬೇಕು. ಎಸ್‌ಪಿಎಫ್ ಇರುವ ಕ್ರೀಮುಗಳಲ್ಲಿ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇದ್ದರೆ ನೇರ ಫ್ಲ್ಯಾಶ್‌ಗೆ ಮುಖ ಬೆಳ್ಳಗೆ ಸುಣ್ಣ ಬಳಿದಂತಾಗುತ್ತದೆ, ಆದ್ದರಿಂದ ಒಳಾಂಗಣದ ಚಿತ್ರೀಕರಣಕ್ಕೆ ಅವು ಬೇಡ. ನಿಜ ಹೇಳಬೇಕೆಂದರೆ ಕಪ್ಪು ಮೈಬಣ್ಣಕ್ಕೆ ಇಂಥ ಯಾವ ಕಣಗಳೂ ಬೇಕಿಲ್ಲ: ಚರ್ಮದಿಂದ ಚದುರಿ ಬರುವ ಬೆಳಕು ಕಡಿಮೆಯಿರುವುದರಿಂದ ಎಣ್ಣೆಯ ಮೇಲಿಂದ ಮರಳುವ ಬೆಳಕು ಇನ್ನಷ್ಟು ಎದ್ದು ಕಾಣುತ್ತದೆ. ನಾನು ತೆಗೆದ ಅತ್ಯುತ್ತಮ ಚಿತ್ರಗಳು ಅಂಥ ಮೈಬಣ್ಣದವರವೇ ಆಗಿವೆ.

ಬಾಟಲಿಯ ಗುಣವನ್ನು ಅಳೆಯುವಾಗ ದೀಪವನ್ನು ಮರೆಯುವಂತಿಲ್ಲ. ಅದೇ ಎಣ್ಣೆ ಬರಿಯ ಫ್ಲ್ಯಾಶ್‌ನ ಎದುರು ಹಣೆಯ ಮೇಲೆ ಸುಟ್ಟ ಬಿಳಿ ಚುಕ್ಕೆಯನ್ನು ಮೂಡಿಸುತ್ತದೆ. ದೊಡ್ಡ ಸಾಫ್ಟ್‌ಬಾಕ್ಸ್ ಅನ್ನು, ಅಂದರೆ ಬೆಳಕನ್ನು ಮೃದುವಾಗಿಸಲು ಬಿಳಿ ಬಟ್ಟೆ ಹೊದಿಸಿದ ದೀಪದ ಪೆಟ್ಟಿಗೆಯನ್ನು, ರೂಪದರ್ಶಿಯ ಹಿಂದೆ ಪಕ್ಕಕ್ಕೆ ನಿಲ್ಲಿಸಿದರೆ ಭುಜದಿಂದ ಮೊಣಕೈವರೆಗೆ ಉದ್ದನೆಯ ಮೃದುವಾದ ಹೊಳಪಿನ ಪಟ್ಟಿಯನ್ನು ಕೊಡುತ್ತದೆ. ಹೊಳಪಿನಲ್ಲಿ ಕಾಣುವುದು ದೀಪದ ಪ್ರತಿಬಿಂಬವೇ ಆದ್ದರಿಂದ ದೀಪದ ಆಕಾರವೇ ಹೊಳಪಿನ ಆಕಾರವಾಗುತ್ತದೆ. ಹೊರಾಂಗಣದಲ್ಲಿ ಪೋಲರೈಸರ್ ಫಿಲ್ಟರ್ ಹಾಕುವವರು ಅದನ್ನು ತಿರುಗಿಸುವಾಗ ಎಚ್ಚರ ವಹಿಸಬೇಕು. ಎಣ್ಣೆ ಹಚ್ಚಿದ ಚರ್ಮದ ಮೇಲೆ ಬೆಳಕು ಲಂಬದಿಂದ ಸುಮಾರು 55 ಡಿಗ್ರಿಯ ಓರೆಯಲ್ಲಿ ಬಿದ್ದಾಗ ಮರಳುವ ಬೆಳಕನ್ನು ಈ ಫಿಲ್ಟರ್ ಬಹುತೇಕ ನುಂಗಿಬಿಡಬಲ್ಲದು, ಆಗ ಎಣ್ಣೆ ಕೆಲಸ ಮಾಡುತ್ತಿಲ್ಲವೆಂದು ಇನ್ನಷ್ಟು ಹಚ್ಚುವ ಪ್ರಮಾದ ನಡೆಯುತ್ತದೆ.

ಸೀರೆ ಮತ್ತು ಆಭರಣದ ಕೆಲಸದಲ್ಲಿ ನಾನು ಎಣ್ಣೆಯನ್ನು ಬಹುಮಟ್ಟಿಗೆ ಕೈಬಿಟ್ಟಿದ್ದೇನೆ. ಇಳಕಲ್ ಸೀರೆಯ ರೇಷ್ಮೆಯ ಸೆರಗಿಗೆ ಒಂದು ಹನಿ ಇಳಿದರೂ ಕಲೆ ಉಳಿಯುತ್ತದೆ, ಟೋಪ ತೆನಿ ಎಂಬ ಸೆರಗಿನ ವಿನ್ಯಾಸದ ಕೆಂಪು ಬಿಳುಪಿನ ನಡುವೆ ಅದು ಇನ್ನೂ ಎದ್ದು ಕಾಣುತ್ತದೆ. ನೇಕಾರರ ಶ್ರಮದ ಮುಂದೆ ನಮ್ಮ ಚಿತ್ರದ ಹೊಳಪು ದೊಡ್ಡದಲ್ಲ. ಅಲ್ಲಿ ನೀರಿನ ಅಂಶ ಹೆಚ್ಚಿರುವ ಅಲೋವೆರಾ ಜೆಲ್ ಅಥವಾ ತೆಳು ಲೋಶನ್ ಅನ್ನು ಸೀರೆ ಉಡುವ ಮುನ್ನವೇ ಕತ್ತು ಮತ್ತು ಮುಂಗೈಗೆ ಹಚ್ಚಿ, ಪೂರ್ತಿ ಆರಿದ ಮೇಲೆ ಉಡಿಸುತ್ತೇವೆ. ಹೊಳಪು ಕಡಿಮೆ, ಆದರೆ ಸಾಲುತ್ತದೆ. ಟೀಕಿ, ಬೋರಮಾಳದಂತಹ ಒಡವೆಗಳ ಕೆಳಗಿನ ಚರ್ಮವನ್ನು ಒಣಗಿಯೇ ಇಡುತ್ತೇವೆ, ಏಕೆಂದರೆ ಜಿಡ್ಡು ತಗುಲಿದ ಚಿನ್ನ ಮಸುಕಾಗುತ್ತದೆ, ಮುತ್ತಿಗೆ ಎಣ್ಣೆ ಹಾನಿಕರ. ದೀಪಾವಳಿಯ ಜಾಹೀರಾತಿನಲ್ಲಿ ಹಣತೆ ಹಿಡಿಯುವ ದೃಶ್ಯವಿದ್ದರೆ ಬೇಬಿ ಆಯಿಲ್ ಬೇಡವೇ ಬೇಡ; ಪ್ಯಾರಫಿನ್ ಹೀರಿಕೊಂಡ ಬಟ್ಟೆಗೆ ಕಿಡಿ ತಾಗಿದರೆ ಬಹಳ ಬೇಗ ಹೊತ್ತಿಕೊಳ್ಳುತ್ತದೆ.

ಬಾದಾಮಿ, ಪಟ್ಟದಕಲ್ಲಿನ ಕಡೆ ಚಿತ್ರೀಕರಣಕ್ಕೆ ಹೋಗುವವರಿಗೆ ಒಂದು ವಿನಂತಿಯಿದೆ. ಅಲ್ಲಿನ ಸ್ಮಾರಕಗಳಲ್ಲಿ ಚಿತ್ರೀಕರಿಸಲು ಪುರಾತತ್ವ ಇಲಾಖೆಯ ಅನುಮತಿ ಪಡೆಯುವುದರ ಜೊತೆಗೆ, ಎಣ್ಣೆ ಹಚ್ಚಿದ ರೂಪದರ್ಶಿಯನ್ನು ಕಂಬಕ್ಕೋ ಗೋಡೆಗೋ ಒರಗಿಸಬೇಡಿ. ಮರಳುಗಲ್ಲು ರಂಧ್ರಮಯವಾದದ್ದು, ಜಿಡ್ಡನ್ನು ಒಳಕ್ಕೆ ಹೀರುತ್ತದೆ, ಆ ಕಲೆ ಹೋಗುವುದಿಲ್ಲ. ಬಾದಾಮಿಯ ಮೂರನೆಯ ಗುಹೆ ಕ್ರಿ.ಶ. 578ರದು, ನಮ್ಮ ಒಂದು ದಿನದ ಕೆಲಸಕ್ಕಾಗಿ ಅದಕ್ಕೆ ಗುರುತು ಮಾಡುವ ಹಕ್ಕು ಯಾರಿಗೂ ಇಲ್ಲ. ಅಲ್ಲಿ ನಾನು ಲೋಶನ್ ಬಿಟ್ಟು ಬೇರೇನನ್ನೂ ಒಯ್ಯುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ರೂಪದರ್ಶಿಯ ಚರ್ಮ. ಯಾವುದೇ ಹೊಸ ಸಾಮಗ್ರಿಯನ್ನು ಹಿಂದಿನ ದಿನವೇ ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿಕೊಂಡು 24 ಗಂಟೆ ನೋಡಲು ಹೇಳುತ್ತೇವೆ. ಕೆಂಪಾದರೆ, ತುರಿಸಿದರೆ ಅದನ್ನು ಬಳಸುವುದಿಲ್ಲ. ಎಣ್ಣೆಯನ್ನು ಅವರೇ ಹಚ್ಚಿಕೊಳ್ಳುತ್ತಾರೆ; ಬೆನ್ನಿನಂತಹ ಭಾಗಕ್ಕೆ ಅವರು ಒಪ್ಪಿದ ವ್ಯಕ್ತಿ ಮಾತ್ರ ಹಚ್ಚುತ್ತಾರೆ. ಜೆಲ್ಲಿಯ ಡಬ್ಬಿಗೆ ಬೆರಳು ಅದ್ದದೆ ಸ್ವಚ್ಛ ಚಮಚದಿಂದ ತೆಗೆದುಕೊಡುತ್ತೇವೆ. ಕೆಲಸ ಮುಗಿದ ಮೇಲೆ ಮೊದಲು ಒಣ ಟಿಶ್ಯೂ, ಅನಂತರ ಕಡಲೆಹಿಟ್ಟು ಅಥವಾ ಸಾಬೂನು; ನೇರವಾಗಿ ನೀರು ಹಾಕಿದರೆ ಎಣ್ಣೆ ಹೋಗುವುದಿಲ್ಲ, ಸ್ನಾನಗೃಹದ ನೆಲ ಮಾತ್ರ ಜಾರುತ್ತದೆ. ಬರಿಗಾಲಿನಲ್ಲಿ ನಿಲ್ಲುವ ಚಿತ್ರಗಳಲ್ಲಿ ಅಂಗಾಲಿಗೆ ಎಣ್ಣೆ ತಗಲದಂತೆ ಹಳೆಯ ಟವೆಲ್ ಹಾಸುತ್ತೇವೆ, ಇಲ್ಲವಾದರೆ ಬಿದ್ದು ಪೆಟ್ಟಾಗುತ್ತದೆ, ಹಿನ್ನೆಲೆಯ ಕಾಗದವೂ ಕಲೆಯಾಗಿ ಹಾಳಾಗುತ್ತದೆ.

ಖರ್ಚಿನ ದೃಷ್ಟಿಯಿಂದ 200 ಮಿಲಿಲೀಟರ್‌ನ ಒಂದು ಬೇಬಿ ಆಯಿಲ್ ಬಾಟಲಿ ಬಹಳ ದಿನ ಬಾಳುತ್ತದೆ, ಏಕೆಂದರೆ ಒಬ್ಬರ ಮೈಗೆ ಎರಡು ಚಮಚಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ನನ್ನ ಉಳಿದಿರುವ ಒಂದೇ ತಕರಾರೆಂದರೆ ನಮ್ಮ ಅಂಗಡಿಗಳಿಗೆ ಬರುವುದು ಬಹುಪಾಲು ಸುಗಂಧ ಬೆರೆಸಿದ್ದೇ, ಸೂಕ್ಷ್ಮ ಚರ್ಮದವರಿಗೆ ಆ ಸುಗಂಧದಿಂದಲೇ ತುರಿಕೆ ಬರಬಹುದು. ಅಂಥವರಿಗಾಗಿ ಔಷಧದ ಅಂಗಡಿಯಲ್ಲಿ ವಾಸನೆಯಿಲ್ಲದ ಲಿಕ್ವಿಡ್ ಪ್ಯಾರಫಿನ್ ಎಂದು ಕೇಳಿ ತರಿಸಿಕೊಳ್ಳುತ್ತೇನೆ. ಅದು ಸ್ವಲ್ಪ ದಪ್ಪ, ಹರಡಲು ಇನ್ನೆರಡು ನಿಮಿಷ ಹಿಡಿಯುತ್ತದೆ, ಚಿತ್ರದಲ್ಲಿ ಮಾತ್ರ ಯಾವ ವ್ಯತ್ಯಾಸವೂ ಕಾಣುವುದಿಲ್ಲ.