ಕಾರ್ಡ್ ಓದಿದ ಮೇಲೆ ಸೂಜಿ ಹಿಡಿಯುವ ಕ್ಲಿನಿಕ್

ಕ್ಯಾಲಿಫೋರ್ನಿಯಾದ ನಮ್ಮ ಊರಿಗೆ ಹೊಸದಾಗಿ ಬರುವ ಅಫ್ಗಾನ್ ಕುಟುಂಬಗಳನ್ನು ನಿರಾಶ್ರಿತರ ಆರೋಗ್ಯ ಕ್ಲಿನಿಕ್ಕಿಗೆ ನನ್ನ ಕಾರಿನಲ್ಲಿ ಕರೆದೊಯ್ಯುತ್ತೇನೆ. ಅಲ್ಲಿನ ಲಸಿಕೆ ವಿಭಾಗವನ್ನು ಮನಸಾರೆ ಹೊಗಳಬೇಕು.

ಜಲಾಲಾಬಾದಿನ ತಾಯಿಯೊಬ್ಬರು ಮಗನ ಲಸಿಕೆ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದರು. ಮಡಿಕೆಗಳಲ್ಲಿ ಹರಿದಿತ್ತು. ಹುಟ್ಟಿದ ವರ್ಷ 1397 ಎಂದಿತ್ತು, ಅದು ಅವರ ಸೌರ ಹಿಜ್ರಿ ಲೆಕ್ಕ. ಇದು ಓದಲಾಗದು ಎಂದು ಬದಿಗಿಟ್ಟು ಎಲ್ಲವನ್ನೂ ಮೊದಲಿನಿಂದ ಚುಚ್ಚಿದ್ದರೆ ಕೇಳುವವರಿರಲಿಲ್ಲ. ನರ್ಸ್ ಹಾಗೆ ಮಾಡಲಿಲ್ಲ. ತಖ್ತೆಯೊಂದನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ದಿನಾಂಕವನ್ನು ನಮ್ಮ ಕ್ಯಾಲೆಂಡರಿಗೆ ತಂದರು. ಐದು ರೋಗಗಳನ್ನು ತಡೆಯುವ ಪೆಂಟಾವಲೆಂಟ್ ಲಸಿಕೆಯ ಮೂರು ಡೋಸುಗಳು ಲೆಕ್ಕಕ್ಕೆ ಬಂದವು.

ಆದರೆ ಪೋಲಿಯೊ ಹನಿ ಲೆಕ್ಕಕ್ಕೆ ಬರಲಿಲ್ಲ. "ಮನೆ ಬಾಗಿಲಿಗೇ ಬಂದು ಎಷ್ಟೋ ಸಲ ಹಾಕಿದ್ದಾರಲ್ಲ?" ಎಂದು ತಾಯಿ ಕಂಗಾಲಾದರು. 2016ರ ಏಪ್ರಿಲ್‌ನಲ್ಲಿ ಜಗತ್ತಿನಾದ್ಯಂತ ಹನಿಯಿಂದ ಎರಡನೇ ಮಾದರಿಯ ವೈರಸ್ಸನ್ನು ತೆಗೆದರು, ಆದ್ದರಿಂದ ಆಮೇಲಿನ ಹನಿಗಳನ್ನು ಅಮೆರಿಕ ಎಣಿಸುವುದಿಲ್ಲ, ಚುಚ್ಚುಮದ್ದನ್ನು ಮಾತ್ರ ಎಣಿಸುತ್ತದೆ ಎಂದು ನರ್ಸ್ ಸಮಾಧಾನದಿಂದ ತಿಳಿಸಿದರು. ಒಂಬತ್ತನೇ ತಿಂಗಳ ದಡಾರದ ಲಸಿಕೆಯೂ ಅಷ್ಟೆ. ತಾಯಿಯಿಂದ ಬಂದ ಪ್ರತಿಕಾಯಗಳು ಆಗ ಅಡ್ಡಬರಬಹುದು, ಹಾಗಾಗಿ ಇಲ್ಲಿ ವರ್ಷ ತುಂಬಿದ ಮೇಲಿನದ್ದೇ ಲೆಕ್ಕ. ಊರಿನಿಂದ ಮಕ್ಕಳನ್ನು ಕರೆತರುವ ಕನ್ನಡಿಗರಿಗೂ ಇದೇ ನಿಯಮ, ತಾಯಿ ಕಾರ್ಡಿನ ಮೂಲ ಪ್ರತಿಯನ್ನೇ ತನ್ನಿ.

ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಚುಚ್ಚುಮದ್ದು ಅಂದೇ ಬಿತ್ತು. ಎರಡನೆಯದಕ್ಕೆ ಕನಿಷ್ಠ 28 ದಿನಗಳ ಅಂತರ ಬೇಕು. ಈ ಆತುರಕ್ಕೆ ಕಾರಣವಿದೆ: 2021ರ ಸೆಪ್ಟೆಂಬರಿನಲ್ಲಿ ತೆರವುಗೊಂಡು ಬಂದ ಅಫ್ಗಾನರಲ್ಲಿ ದಡಾರ ಕಾಣಿಸಿಕೊಂಡು, ಅವರನ್ನು ಅಮೆರಿಕಕ್ಕೆ ಕರೆತರುವ ವಿಮಾನಗಳನ್ನೇ ಕೆಲಕಾಲ ನಿಲ್ಲಿಸಲಾಗಿತ್ತು. ತಾಯಿಗೆ ಚಿಕನ್‌ಪಾಕ್ಸ್ ಬಂದಿತ್ತೋ ಇಲ್ಲವೋ ನೆನಪಿರಲಿಲ್ಲ. ದೊಡ್ಡವರಿಗೆ ಬಂದರೆ ಅದು ಜೋರಾಗಿಯೇ ಕಾಡುತ್ತದೆ. ಅದಕ್ಕೇ ಪ್ರತಿಕಾಯ ಇದೆಯೇ ಎಂದು ನೋಡಲು ಅವರ ರಕ್ತವನ್ನೂ ತೆಗೆದುಕೊಂಡರು.

ಒಂದು ಕೊರತೆ ಮಾತ್ರ ನನಗೆ ಸಿಟ್ಟು ತರಿಸಿತು. ಆ ತಾಯಿ ಆಡುವುದು ಪಶ್ತೋ, ಫೋನಿನಲ್ಲಿ ಮೊದಲು ಸಿಕ್ಕ ದುಭಾಷಿಗೆ ಬರುತ್ತಿದ್ದದ್ದು ದರಿ ಮಾತ್ರ. ಬೇರೊಬ್ಬರು ಸಿಗುವವರೆಗೆ ಹಸಿದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಅವರು ಕಾಯಬೇಕಾಯಿತು. ಕುಟುಂಬದ ಭಾಷೆ ಯಾವುದೆಂದು ಸಮಯ ಗೊತ್ತುಮಾಡುವಾಗಲೇ ಕೇಳಿ ಬರೆದುಕೊಳ್ಳಲಿ. ಅವರು ಕೇಳದಿದ್ದರೆ, ಕರೆದೊಯ್ಯುವ ನೀವೇ ಮೊದಲು ಹೇಳಿಬಿಡಿ.