ಭಾರದ ಸೂಟ್‌ಕೇಸ್ ಇದ್ದರೆ ಮಂಡ್ಯದಿಂದ ಏರ್‌ಪೋರ್ಟಿಗೆ ರೈಲು ಹಿಡಿಯಬೇಡಿ

ಮಂಡ್ಯ, ಮದ್ದೂರು, ಪಾಂಡವಪುರದ ಕಡೆಯಿಂದ ಯಾರಾದರೂ ವಿದೇಶಕ್ಕೆ ಹೊರಟಿದ್ದೀರಾ? ಜೊತೆಗೆ ದೊಡ್ಡ ಸೂಟ್‌ಕೇಸ್ ಇದೆಯಾ? ಹಾಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮವ್ವನನ್ನು ವಿಮಾನ ಹತ್ತಿಸಲು ಹೋಗಿ ನಾನು ಪಟ್ಟ ಪಾಡು ಇನ್ನೊಬ್ಬರಿಗೆ ಬೇಡ. ದುಡ್ಡು ಹೋಯಿತು, ಅದು ಬೇರೆ ಮಾತು. ಅವ್ವ ರೈಲಿನ ಕೆಳಗೆ ಹೋಗುವುದರಲ್ಲಿದ್ದಳು. ಅದಕ್ಕೇ ಬರೆಯುತ್ತಿದ್ದೇನೆ.

ತಂಗಿ ಜರ್ಮನಿಯಲ್ಲಿದ್ದಾಳೆ. ಚೊಚ್ಚಲ ಹೆರಿಗೆ. ಬಾಣಂತನಕ್ಕೆ ಅವ್ವ ಒಬ್ಬಳೇ ಹೊರಟಿದ್ದಳು, ಅಪ್ಪ ಹಸು ಬಿಟ್ಟು ಬರುವಂತಿರಲಿಲ್ಲ. ವಿಮಾನದ ಟಿಕೆಟ್ಟಿನಲ್ಲಿ 23 ಕೆಜಿಯ ಎರಡು ಸೂಟ್‌ಕೇಸಿಗೆ ಅವಕಾಶ ಇತ್ತು, ಕೈಯಲ್ಲಿ 7 ಕೆಜಿಯ ಒಂದು ಬ್ಯಾಗು. ಅವ್ವ ಒಂದು ಗ್ರಾಂ ಕೂಡ ಬಿಟ್ಟಿರಲಿಲ್ಲ. ಹುರಿಹಿಟ್ಟು, ಸಾರಿನ ಪುಡಿ, ಅಂಟು, ಓಂಕಾಳು, ಉತ್ತುತ್ತೆ, ನಮ್ಮ ಆಲೆಮನೆಯಿಂದ ತಂದ ಅಚ್ಚುಬೆಲ್ಲ. ಕೊಬ್ಬರಿ ಗಿಟುಕು ಮಾತ್ರ ಕೊನೆಯಲ್ಲಿ ತೆಗೆಸಿದೆ. ಅದರಲ್ಲಿ ಎಣ್ಣೆ ಜಾಸ್ತಿ, ಬೆಂಕಿಯ ಅಪಾಯ ಅಂತ ವಿಮಾನದಲ್ಲಿ ಬಿಡುವುದಿಲ್ಲ. ನೀವೂ ಬಾಣಂತನಕ್ಕೆ ಸಾಮಾನು ಕಟ್ಟುತ್ತಿದ್ದರೆ ಇದು ನೆನಪಿರಲಿ.

ಮಂಡ್ಯದಿಂದ ಏರ್‌ಪೋರ್ಟಿಗೆ ಗಾಡಿಯವರು 3,500 ಕೇಳಿದರು. ರೈಲಿಗೆ ಅದರ ಹತ್ತನೇ ಒಂದು ಭಾಗವೂ ಆಗುವುದಿಲ್ಲ. ನನಗೂ ಅದೇ ಸರಿ ಅನ್ನಿಸಿತು. ರಾತ್ರಿ 10ಕ್ಕೆ ವಿಮಾನ. ಮಧ್ಯಾಹ್ನ 3:40ರ ಎಕ್ಸ್‌ಪ್ರೆಸ್ ಹಿಡಿದರೆ 5:30ಕ್ಕೆ ಮೆಜೆಸ್ಟಿಕ್, ಅಲ್ಲಿಂದ ಟ್ಯಾಕ್ಸಿಯಲ್ಲಿ 7 ಗಂಟೆಗೆ ಏರ್‌ಪೋರ್ಟ್. ಮೂರು ಗಂಟೆ ಮುಂಚೆ. ಕಾಗದದ ಮೇಲೆ ಲೆಕ್ಕ ಚೆನ್ನಾಗಿಯೇ ಇತ್ತು. ತೂಕದ ವಿಚಾರದಲ್ಲೂ ತಪ್ಪಿರಲಿಲ್ಲ. ರೈಲಿನಲ್ಲಿ ಸೆಕೆಂಡ್ ಕ್ಲಾಸಿನವರು ತಲೆಗೆ 35 ಕೆಜಿ ಒಯ್ಯಬಹುದು, ಎಸಿ ಚೇರ್‌ಕಾರಿನಲ್ಲಿ 40. ನಾವಿಬ್ಬರೂ ಸೇರಿ 53 ಕೆಜಿ. ಆದರೆ ಆ ತೂಕವನ್ನು ಎತ್ತುವವರು ಯಾರು, ಎಷ್ಟು ಹೊತ್ತಿನಲ್ಲಿ ಎತ್ತಬೇಕು ಅಂತ ನಾನು ಯೋಚನೆಯೇ ಮಾಡಲಿಲ್ಲ.

ಮಂಡ್ಯದಲ್ಲಿ ಎಕ್ಸ್‌ಪ್ರೆಸ್ ರೈಲು ನಿಲ್ಲುವುದು ಎರಡೇ ನಿಮಿಷ. ಕೈಬೀಸಿಕೊಂಡು ಹತ್ತುವವರಿಗೆ ಎರಡು ನಿಮಿಷ ಬೇಕಾದಷ್ಟಾಯಿತು. ನಾನೂ ಎಷ್ಟೋ ವರ್ಷ ಹಾಗೇ ಹತ್ತಿ ಇಳಿದಿದ್ದೇನೆ.

ಅವತ್ತು ಶುಕ್ರವಾರ. ರೈಲು ಬಂದಿದ್ದೇ 4:15ಕ್ಕೆ. ನಮ್ಮ ಬೋಗಿ ನಾವು ನಿಂತ ಜಾಗಕ್ಕಿಂತ ನಾಲ್ಕು ಬೋಗಿ ಮುಂದೆ ಹೋಗಿ ನಿಂತಿತು. ಎರಡು ಸೂಟ್‌ಕೇಸ್ ಎಳೆದುಕೊಂಡು ಓಡಿದೆವು. ದಾರಿಯಲ್ಲಿ ಒಂದು ಕಲ್ಲಿನ ಸಂದಿಗೆ ಸಿಕ್ಕಿ ದೊಡ್ಡದರ ಚಕ್ರ ಕಿತ್ತುಹೋಯಿತು. ಬಾಗಿಲ ಹತ್ತಿರ ಬಂದರೆ ಇಳಿಯುವವರು ಇನ್ನೂ ಇಳಿಯುತ್ತಿದ್ದರು. ಅವ್ವನನ್ನು ಮೊದಲು ಹತ್ತಿಸಿದೆ. ಆಮೇಲೆ ಸಣ್ಣ ಬ್ಯಾಗು, ಆಮೇಲೆ ಒಂದು ಸೂಟ್‌ಕೇಸು. ಎರಡನೆಯದನ್ನು ಎತ್ತುವಾಗ ರೈಲು ಹೊರಟಿತು.

ಪ್ಲಾಟ್‌ಫಾರ್ಮಿನಿಂದ ಬೋಗಿಯ ಬಾಗಿಲಿಗೆ ಎಷ್ಟು ಎತ್ತರ ಇದೆ ಅಂತ 23 ಕೆಜಿ ಎದೆಗೆ ಅವುಚಿಕೊಂಡಾಗಲೇ ಗೊತ್ತಾಗುವುದು. ನಾನು ಕೆಳಗಿನಿಂದ ತಳ್ಳುತ್ತಾ ರೈಲಿನ ಜೊತೆಗೆ ನಡೆಯುತ್ತಿದ್ದೆ. ಅವ್ವ ಬಾಗಿಲಲ್ಲಿ ಬಗ್ಗಿ ಸೂಟ್‌ಕೇಸಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಬಿಡವ್ವ, ಬಿಡು ಅಂತ ಕೂಗಿದೆ. "ಬಿಡ್ಬೇಡ ಕಣೋ, ಮಗೀಗಿಕ್ಕೋ ಸಾಮಾನೆಲ್ಲಾ ಇದರಲ್ಲೇ ಅದೆ" ಅಂದಳು. ಅವಳ ಒಂದು ಕಾಲು ಆಗಲೇ ಬಾಗಿಲಿನಿಂದ ಜಾರಿತ್ತು. ಒಳಗಿದ್ದ ಯಾರೋ ಪಾಸಿನ ಹುಡುಗ ಅವಳ ಸೊಂಟಕ್ಕೆ ಕೈಹಾಕಿ ಹಿಂದಕ್ಕೆ ಎಳೆದ. ಇನ್ನೊಬ್ಬರು ಸೂಟ್‌ಕೇಸ್ ಎಳೆದುಕೊಂಡರು. ನಾನು ಹಿಂದಿನ ಬೋಗಿಯ ಕಂಬಿ ಹಿಡಿದು ಹತ್ತಿದೆ. ಓಡುವ ರೈಲು ಹತ್ತಬಾರದು ಅಂತ ಗೊತ್ತು. ಆದರೆ ಅವ್ವ ಒಳಗಿದ್ದಳು.

ಬೋಗಿ ದಾಟಿಕೊಂಡು ಹೋಗಿ ನೋಡಿದರೆ ಅವ್ವ ಬಾಗಿಲ ಹತ್ತಿರವೇ ಸೂಟ್‌ಕೇಸಿನ ಮೇಲೆ ಕೂತಿದ್ದಳು. ಬಲಗೈಯ ಹಸಿರು ಬಳೆ ಒಡೆದು ಚೂರು ಮಣಿಕಟ್ಟಿಗೆ ಚುಚ್ಚಿಕೊಂಡಿತ್ತು. ಸೆರಗಿನ ತುದಿ ಸುತ್ತಿ ಒತ್ತಿ ಹಿಡಿದಿದ್ದಳು, ರಕ್ತ ಇನ್ನೂ ನಿಂತಿರಲಿಲ್ಲ. ಆ ಹುಡುಗ ತನ್ನ ನೀರಿನ ಬಾಟಲಿ ಕೊಟ್ಟ. ಚನ್ನಪಟ್ಟಣದಲ್ಲಿ ಇಳಿದುಹೋದ, ಹೆಸರು ಕೂಡ ಕೇಳಲಿಲ್ಲ. ಇದನ್ನು ಓದಿದರೆ, ತಮ್ಮ, ನಿನ್ನ ಋಣ ನಮ್ಮ ಮೇಲಿದೆ.

ಚೈನ್ ಎಳೆಯಬಹುದಿತ್ತಲ್ಲ ಅಂತ ಆಮೇಲೆ ಕೆಲವರು ಕೇಳಿದರು. ಮನುಷ್ಯರ ಜೀವಕ್ಕೆ ಅಪಾಯ ಇದ್ದರೆ ಎಳೆಯಿರಿ, ಹಿಂದೆ ಮುಂದೆ ನೋಡಬೇಡಿ. ಬರೀ ಸಾಮಾನು ಕೆಳಗೆ ಉಳಿಯಿತು ಅಂತ ಎಳೆದರೆ 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ, 1,000 ರೂಪಾಯಿವರೆಗೆ ದಂಡ ಅಥವಾ ಒಂದು ವರ್ಷದವರೆಗೆ ಜೈಲು, ಎರಡೂ ಆಗಬಹುದು. ಸಾಮಾನು ಉಳಿದರೆ ಉಳಿಯಲಿ. ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ. ನಾನು ಅವತ್ತು ಮೊದಲೇ ಸೂಟ್‌ಕೇಸ್ ಕೈಬಿಡಬೇಕಿತ್ತು. ನಾನು ಬಿಟ್ಟಿದ್ದರೆ ಅವ್ವನೂ ಬಿಡುತ್ತಿದ್ದಳು.

ಒಳಗೆ ಹೋದ ಮೇಲೂ ಸುಖ ಇಲ್ಲ. ಇಷ್ಟು ದೊಡ್ಡ ಸೂಟ್‌ಕೇಸ್ ಮೇಲಿನ ಕಂಬಿಯಲ್ಲಿ ಕೂರುವುದಿಲ್ಲ, ಸೀಟಿನ ಕೆಳಗೂ ತೂರುವುದಿಲ್ಲ. ಓಡಾಡುವ ದಾರಿಯಲ್ಲೇ ನಿಲ್ಲಿಸಿಕೊಂಡು, ಬಂದವರಿಗೆಲ್ಲ ಸರಿಸಿ ಸರಿಸಿ ಕೊಡಬೇಕು. ಬಿಡದಿ ದಾಟಿದ ಮೇಲೆ ಸಿಗ್ನಲ್ ಸಿಗದೆ ರೈಲು ನಿಂತಿತು. ಕೆಂಗೇರಿ ದಾಟಿ ಮತ್ತೆ ನಿಂತಿತು. ಮೆಜೆಸ್ಟಿಕ್ ಮುಟ್ಟಿದಾಗ 6:40.

ಚಕ್ರ ಇಲ್ಲದ ಸೂಟ್‌ಕೇಸಿಗೆ ಕೂಲಿಯವರನ್ನು ಮಾಡಿಕೊಂಡೆವು. ಅವರು ತಲೆಯ ಮೇಲೆ ಹೊತ್ತು ಸುರಂಗ ದಾಟಿಸಿ ಹೊರಗೆ ತಂದುಬಿಟ್ಟರು, ಇಡೀ ದಿನದಲ್ಲಿ ಸುಸೂತ್ರವಾಗಿ ಆಗಿದ್ದು ಅದೊಂದೇ. ಹೊರಗೆ ಬಂದು ಆ್ಯಪ್‌ನಲ್ಲಿ ಟ್ಯಾಕ್ಸಿ ಬುಕ್ ಮಾಡಿದರೆ ಎರಡು ಕ್ಯಾನ್ಸಲ್ ಆದವು. ಮೂರನೆಯದು ಬಂತು. ಡಿಕ್ಕಿ ತೆಗೆದರೆ ಒಳಗೆ ಅಡ್ಡಕ್ಕೆ ಸಿಎನ್‌ಜಿ ಸಿಲಿಂಡರ್! ಬೆಂಗಳೂರಿನ ಬಹಳಷ್ಟು ಸಣ್ಣ ಟ್ಯಾಕ್ಸಿಗಳ ಕಥೆ ಇದೇ. ಡಿಕ್ಕಿಯಲ್ಲಿ ಕೈಬ್ಯಾಗು ಹಿಡಿಸಬಹುದು ಅಷ್ಟೇ. ಒಂದು ಸೂಟ್‌ಕೇಸ್ ಮುಂದಿನ ಸೀಟಿಗೆ, ಇನ್ನೊಂದು ಹಿಂದೆ ನಮ್ಮಿಬ್ಬರ ನಡುವೆ. ನೀವು ಬುಕ್ ಮಾಡುವುದಾದರೆ ದೊಡ್ಡ ಗಾಡಿಯನ್ನೇ ಮಾಡಿ, ಡ್ರೈವರಿಗೆ ಫೋನ್ ಮಾಡಿ ಡಿಕ್ಕಿ ಖಾಲಿ ಇದೆಯಾ ಅಂತ ಮೊದಲೇ ಕೇಳಿ.

ಶುಕ್ರವಾರ ಸಂಜೆ ಮೇಖ್ರಿ ಸರ್ಕಲ್, ಹೆಬ್ಬಾಳ ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಏರ್‌ಪೋರ್ಟ್ ಮುಟ್ಟಿದಾಗ 9:10.

ಟಿಕೆಟ್ ಇಲ್ಲದವರನ್ನು ಬಾಗಿಲಲ್ಲೇ ತಡೆಯುತ್ತಾರೆ. ಹಾಗಾಗಿ ನಾನು ಹೊರಗೇ ನಿಂತೆ. ಅವ್ವ ಆ ಗಾಯದ ಕೈಯಲ್ಲಿ ಟ್ರಾಲಿ ತಳ್ಳಿಕೊಂಡು ಒಬ್ಬಳೇ ಒಳಗೆ ಹೋದಳು. ಅವಳಿಗೆ ಅದು ಮೊದಲನೇ ವಿಮಾನ. ಗಾಜಿನಾಚೆ ಅವಳ ನೀಲಿ ಸೀರೆ ಕಾಣುವವರೆಗೂ ನೋಡುತ್ತಿದ್ದೆ. ಕಾಲು ಗಂಟೆಯ ಮೇಲೆ ಅದೇ ಟ್ರಾಲಿ ತಳ್ಳಿಕೊಂಡು ವಾಪಸ್ ಬಂದಳು. "ಮುಚ್ಬುಟ್ಟವ್ರಂತೆ ಕಣೋ" ಅಂದಳು, ಅಷ್ಟೇ. ವಿಮಾನ ಇನ್ನೂ ಅಲ್ಲೇ ಇತ್ತು. ಆದರೆ ಲಗೇಜು ತೆಗೆದುಕೊಳ್ಳುವ ಕೌಂಟರ್ ಒಂದು ಗಂಟೆ ಮೊದಲೇ, ಅಂದರೆ 9ಕ್ಕೇ ಮುಚ್ಚಿತ್ತು. ರೈಲು ತಡವಾಯಿತು ಅನ್ನುವುದನ್ನು ವಿಮಾನದವರು ಕೇಳುವುದಿಲ್ಲ. ಆ ಟಿಕೆಟ್ ಬೇರೆ, ಈ ಟಿಕೆಟ್ ಬೇರೆ.

ಯಲಹಂಕದ ನೆಂಟರ ಮನೆಯಲ್ಲಿ ರಾತ್ರಿ ಕಳೆದು, 31,000 ಕಟ್ಟಿ ಮರುದಿನದ ಟಿಕೆಟ್ ಮಾಡಿಸಿದೆವು. ಫೋನಿನಲ್ಲಿ ಮಾತಾಡಿದ ವಿಮಾನ ಕಂಪನಿಯ ಹುಡುಗಿ ಒಂದು ಮಾತು ಹೇಳಿದಳು. ತಡವಾಗುತ್ತದೆ ಅಂತ ಗೊತ್ತಾದ ಕೂಡಲೇ, ಕೌಂಟರ್ ಮುಚ್ಚುವ ಮೊದಲೇ ಫೋನ್ ಮಾಡಿದ್ದರೆ ಕಡಿಮೆಯಲ್ಲಿ ಆಗುತ್ತಿತ್ತಂತೆ. ಸುಮ್ನೆ ಬಾರದೆ ಹೋದರೆ ವಾಪಸ್ ಬರುವ ಟಿಕೆಟ್ಟೂ ರದ್ದಾಗಬಹುದು. ಹೆಬ್ಬಾಳದಲ್ಲಿ ಸಿಕ್ಕಿಕೊಂಡಾಗಲೇ ನಾನು ಈ ಕೆಲಸ ಮಾಡಬಹುದಿತ್ತು. ಗೊತ್ತಿರಲಿಲ್ಲ. ಈಗ ನಿಮಗಾದರೂ ಗೊತ್ತಿರಲಿ.

ಕೆಲವರು ಏರ್‌ಪೋರ್ಟಿಗೇ ರೈಲು ಸ್ಟೇಷನ್ ಇದೆಯಲ್ಲ ಅನ್ನುತ್ತಾರೆ. ಇದೆ, 2021ರಲ್ಲಿ ಶುರುವಾಯಿತು. ಅದು ಯಲಹಂಕ, ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವ ಲೈನಿನ ಒಂದು ಸಣ್ಣ ಹಾಲ್ಟ್. ಬೆರಳೆಣಿಕೆಯ ರೈಲು, ಇಳಿದ ಮೇಲೆ ಟರ್ಮಿನಲ್ಲಿಗೆ ಮತ್ತೆ ಬಸ್ಸು. ಲಗೇಜು ಇನ್ನೂ ಎರಡು ಸಲ ಎತ್ತಿ ಇಳಿಸಬೇಕು. ಮೆಟ್ರೋ ನಾನು ಬರೆಯುವ ಹೊತ್ತಿಗೆ ಏರ್‌ಪೋರ್ಟ್ ಮುಟ್ಟಿಲ್ಲ. ಮುಟ್ಟಿದರೂ ಮೆಟ್ರೋದಲ್ಲಿ ಬ್ಯಾಗಿಗೆ 15 ಕೆಜಿ ಮಿತಿ ಇದೆ, ಮರೆಯಬೇಡಿ.

ಒಂದು ಬೆನ್ನುಚೀಲ ಹಾಕಿಕೊಂಡು ಹೋಗುವ ಹುಡುಗರಿಗೆ ರೈಲು ಒಳ್ಳೆಯದೇ. ಮೆಜೆಸ್ಟಿಕ್ ಬಸ್ ನಿಲ್ದಾಣದಿಂದ ಏರ್‌ಪೋರ್ಟಿಗೆ ವಾಯುವಜ್ರ ಬಸ್ಸು ಸಿಗುತ್ತದೆ. ಆದರೆ ದೊಡ್ಡ ಸೂಟ್‌ಕೇಸ್ ಇದ್ದರೆ, ವಯಸ್ಸಾದವರಿದ್ದರೆ, ಒಂದೇ ಸಲ ಹತ್ತಿ ಒಂದೇ ಸಲ ಇಳಿಯುವ ವ್ಯವಸ್ಥೆ ಮಾಡಿ. ಮೈಸೂರಿನ ಸಬರ್ಬ್ ಬಸ್ ನಿಲ್ದಾಣದಿಂದ ಏರ್‌ಪೋರ್ಟಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನೇರವಾಗಿ ಹೋಗುತ್ತದೆ. ಲಗೇಜು ಬಸ್ಸಿನ ಕೆಳಗಿನ ಡಿಕ್ಕಿಗೆ ಹಾಕಿದರೆ ಟರ್ಮಿನಲ್ ಮುಂದೆಯೇ ತೆಗೆಯುವುದು. ಮಂಡ್ಯದವರು ಮೈಸೂರಿಗೆ ಹೋಗಿ ಹತ್ತುವುದಾದರೆ 45 ಕಿಲೋಮೀಟರ್ ಹಿಂದಕ್ಕೆ ಹೋಗಬೇಕು ನಿಜ. ಆದರೂ ಅದು ವಾಸಿ. ಇಲ್ಲದಿದ್ದರೆ ಇಬ್ಬರು ಮೂವರು ಸೇರಿ ಗಾಡಿ ಮಾಡಿ. ನೈಸ್ ರಸ್ತೆ ಹಿಡಿದರೆ ಮೆಜೆಸ್ಟಿಕ್ ಒಳಗೆ ಹೋಗುವುದೇ ಬೇಡ.

ತಂಗಿಗೆ ಹೆಣ್ಣುಮಗು ಆಗಿದೆ, ಇಬ್ಬರೂ ಆರಾಮಾಗಿದ್ದಾರೆ. ಅವ್ವನ ಮಣಿಕಟ್ಟಿನ ಗಾಯ ಮಾಗಿದೆ, ಗುರುತು ಉಳಿದಿದೆ. ಅವಳು ಮುಂದಿನ ತಿಂಗಳ 14ರ ಬೆಳಗ್ಗೆ ವಾಪಸ್ ಬರುತ್ತಾಳೆ. ಕರೆತರಲು ಹಿಂದಿನ ರಾತ್ರಿ ಮಂಡ್ಯದಿಂದ ಗಾಡಿ ಹೊರಡುತ್ತದೆ, ಹೋಗುವಾಗ ನಾನು, ಡ್ರೈವರ್ ಇಬ್ಬರೇ. ಡಿಕ್ಕಿ ಖಾಲಿ ಇರುತ್ತದೆ. ನಮ್ಮ ಕಡೆಯವರು ಯಾರಾದರೂ ಆ ದಿನ ವಿಮಾನ ಹತ್ತುವವರಿದ್ದರೆ ತಿಳಿಸಿ, ಮನೆ ಬಾಗಿಲಿಗೇ ಬಂದು ಸೂಟ್‌ಕೇಸ್ ಇಟ್ಟುಕೊಳ್ಳುತ್ತೇನೆ.